ಸಿಗ್ನೆಯ ಓವನ್ನಿನಲ್ಲಿ ನಲವತ್ತೊಂದು ಪೌಂಡು

ಮಂಗಳವಾರ ಮಧ್ಯಾಹ್ನ ಆರ್ವಿಡ್ ಹಿತ್ತಿಲ ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು ಒಳಗೆ ಬಂದಾಗ, ಅವನ ತೋಳಿನಲ್ಲಿದ್ದದ್ದು ಟರ್ಕಿ ಕೋಳಿ ಎಂದು ಮಾರ್ಲಿಸ್‌ಗೆ ತಕ್ಷಣ ಹೊಳೆಯಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಎದೆಗವಚಿಕೊಂಡು, ಮೊಣಕಾಲು ಬಾಗಿಸಿ, ಒಂದೊಂದೇ ಹೆಜ್ಜೆ ಎಣಿಸುತ್ತ ಬಂದು ಅವನು ಅದನ್ನು ಅಡುಗೆಮನೆಯ ಮೇಜಿನ ಮೇಲೆ ಇಳಿಸಿದ. ಮೇಜು ಕಿರ್ರೆಂದಿತು. ಸಕ್ಕರೆ ಡಬ್ಬಿ ತಾನಾಗಿಯೇ ಒಂದು ಅಂಗುಲ ಪಕ್ಕಕ್ಕೆ ಸರಿಯಿತು.

"ಏನಿದು?" ಎಂದಳು ಮಾರ್ಲಿಸ್.

"ಕೋಳಿ."

"ಕೋಳಿ ಅಂತ ಕಾಣತ್ತೆ. ಎಷ್ಟು ತೂಕ?"

ಆರ್ವಿಡ್ ಕೈಗವಸು ಬಿಚ್ಚುವುದರಲ್ಲಿ ಮುಳುಗಿಹೋದ. "ಕೋಳಿ ಫಾರ್ಮಿನ ಇಂಗ್ವಾಲ್ಡ್ ತಕ್ಕಡಿ ಸರಿಯಿಲ್ಲ ಅನ್ಸತ್ತೆ."

"ಸರಿಯಿಲ್ಲದ ತಕ್ಕಡಿ ಎಷ್ಟು ತೋರಿಸ್ತು?"

"ನಲವತ್ತೊಂದು ಪೌಂಡು."

ಮಾರ್ಲಿಸ್ ಕುರ್ಚಿ ಎಳೆದುಕೊಂಡು ಕೂತಳು. ನಲವತ್ತೊಂದು ಪೌಂಡೆಂದರೆ ಒಂದನೇ ಕ್ಲಾಸಿಗೆ ಹೋಗುವ ಮಗುವಿನ ತೂಕ. ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬರುವವರು ಹನ್ನೊಂದು ಜನ, ಅವರಲ್ಲಿ ನಾಲ್ವರಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಇಷ್ಟಕ್ಕೆಲ್ಲ ಮೂಲ ಹೋದ ವರ್ಷದ ಊಟ. ಆರ್ವಿಡ್‌ನ ಅಕ್ಕ ಸಿಗ್ನೆ ಮೂವತ್ತು ವರ್ಷ ಒಂದೂ ತಪ್ಪದಂತೆ ಈ ಹಬ್ಬದ ಊಟವನ್ನು ತನ್ನ ಮನೆಯಲ್ಲೇ ಮಾಡಿ ಬಡಿಸಿದವಳು. ಹೋದ ವರ್ಷ ಅವಳು ಕೋಳಿಯ ತಟ್ಟೆ ತಂದಿಟ್ಟಾಗ ಆರ್ವಿಡ್ ಎಲ್ಲರೆದುರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಅಕ್ಕಾ, ಇದು ಟರ್ಕಿನೋ ಗುಬ್ಬಿನೋ?" ಎಂದು ಕೇಳಿದ್ದ. ಸಿಗ್ನೆ ಚಾಕುವನ್ನು ಸಾವಕಾಶ ಕೆಳಗಿಟ್ಟು, "ನನ್ನ ಮೊಣಕಾಲು ಹೇಗಿದ್ರೂ ಕೈ ಕೊಡ್ತಾ ಇದೆ. ಮುಂದಿನ ವರ್ಷ ನಿನ್ನ ಹೆಂಡ್ತಿ ಮಾಡ್ಲಿ. ಏನು ಮಾಡ್ತಾಳೆ ಅಂತ ನಾನೂ ಕೂತು ನೋಡ್ತೀನಿ" ಎಂದಿದ್ದಳು. ಮಾತಾಡಿದವನು ಆರ್ವಿಡ್, ಕತ್ತು ಕೊಡಬೇಕಾದವಳು ಮಾರ್ಲಿಸ್. ನಲವತ್ತು ವರ್ಷದ ಸಂಸಾರದಲ್ಲಿ ಅದೇನೂ ಹೊಸದಾಗಿರಲಿಲ್ಲ.

"ಇಷ್ಟು ದೊಡ್ಡದು ಯಾಕೆ ತಂದೆ ಮಾರಾಯ?"

"ಇಂಗ್ವಾಲ್ಡ್ ಎರಡು ತೋರಿಸ್ದ. ಇದು ಇನ್ನೊಂದಕ್ಕಿಂತ ಚೆನ್ನಾಗಿತ್ತು."

"ಇನ್ನೊಂದು ಎಷ್ಟಿತ್ತು?"

"ಇಪ್ಪತ್ತೆರಡು," ಎಂದು ಆರ್ವಿಡ್ ತಗ್ಗಿದ ದನಿಯಲ್ಲಿ ಹೇಳಿ, "ಅಕ್ಕನ ಕೋಳಿಯಷ್ಟೇ" ಎಂದು ಸೇರಿಸಿದ.

ಮಾರ್ಲಿಸ್ ಎದ್ದು ಓವನ್ನಿನ ಬಾಗಿಲು ತೆಗೆದಳು. ಒಳಗಿನ ಎರಡೂ ಜಾಲರಿ ಹೊರಗೆ ಬಂದವು. ಹೊಲಿಗೆಯ ಟೇಪು ಹಿಡಿದು ಮೊದಲು ಓವನ್ನನ್ನು ಅಳೆದಳು, ಆಮೇಲೆ ಕೋಳಿಯನ್ನು ಅಳೆದಳು, ನಂಬಿಕೆ ಬಾರದೆ ಮತ್ತೆ ಓವನ್ನನ್ನು ಅಳೆದಳು. ಅಳತೆ ಎಷ್ಟು ಸಲ ತೆಗೆದರೂ ಅಷ್ಟೇ ಬರುತ್ತಿತ್ತು. ಕೊನೆಗೆ ಇಬ್ಬರೂ ಸೇರಿ ಎತ್ತಿ ತುರುಕಿ ನೋಡಿದರು. ಕೋಳಿ ತನ್ನ ಎದೆಯವರೆಗೆ ಒಳಗೆ ಹೋಗಿ ನಿಂತಿತು. ಎರಡು ಕಾಲುಗಳು ಹೊರಗೆ, ಬಾವಿಗೆ ತಲೆಕೆಳಗಾಗಿ ಹಾರಿದವನ ಕಾಲುಗಳ ಹಾಗೆ ನೀಟಾಗಿ ಚಾಚಿಕೊಂಡವು.

"ಗ್ಯಾರೇಜಲ್ಲಿ ಗರಗಸ ಇದೆ," ಎಂದ ಆರ್ವಿಡ್. "ಮಧ್ಯಕ್ಕೆ ಒಂದು ಗೆರೆ ಎಳೆದ್ರೆ..."

"ನಿನ್ನಕ್ಕ ಬಂದು ಕೂತಾಗ ಏನು ಇಡೋದು ಮೇಜಿನ ಮೇಲೆ? ಕಟ್ಟಿಗೆ ಸೀಳಿದ ಹಾಗೆ ಎರಡು ತುಂಡು ಇಡ್ಲಾ? ಜನ್ಮ ಇರೋವರೆಗೂ ಆಡ್ಕೋತಾಳೆ."

ಆರ್ವಿಡ್ ಗರಗಸದ ಮಾತು ಕೈಬಿಟ್ಟ. ಅಕ್ಕ ಆಡಿಕೊಳ್ಳುವುದನ್ನು ಅವನು ಹುಟ್ಟಿದಂದಿನಿಂದ ಕೇಳಿದವನು.

ಆ ಸಂಜೆ ಆಲೂಗಡ್ಡೆ ಸುಲಿಯುತ್ತ ಕೂತಿದ್ದಾಗ ಮಾರ್ಲಿಸ್‌ಗೆ ಚರ್ಚಿನ ಓವನ್ ನೆನಪಾಯಿತು. ಅದು ನೆನಪಾದದ್ದೇ ತಡ, ಅವಳು ತನ್ನಷ್ಟಕ್ಕೆ ನಕ್ಕಳು, ನಕ್ಕು, ಗಾಬರಿಯಾದಳು, ಗಾಬರಿ ಇಳಿದ ಮೇಲೆ ಮತ್ತೆ ನಕ್ಕಳು.

ನೋರ್ಬಿ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಅಡುಗೆಮನೆ ಇತ್ತು. ಮದುವೆ, ಮಣ್ಣು, ಮೀನೂಟ, ಎಲ್ಲಕ್ಕೂ ಅಲ್ಲೇ ಬೇಯಬೇಕು. ಅಲ್ಲಿಯ ಓವನ್ ಎಷ್ಟು ದೊಡ್ಡದೆಂದರೆ ಅದರೊಳಗೆ ಕರು ಕಟ್ಟಬಹುದಿತ್ತು. ಆದರೆ ಆ ಅಡುಗೆಮನೆಗೆ ಒಡತಿ ಸಿಗ್ನೆ. ಅವಳನ್ನು ಯಾರೂ ನೇಮಿಸಿರಲಿಲ್ಲ, ಹಾಗಾಗಿ ತೆಗೆದುಹಾಕುವುದೂ ಯಾರ ಕೈಯಲ್ಲೂ ಇರಲಿಲ್ಲ. ಓವನ್ನಿನ ಪಕ್ಕದ ಗೋಡೆಗೆ ಅವಳ ಕೈಬರಹದ ನಿಯಮಗಳ ಹಾಳೆ ಅಂಟಿಸಿತ್ತು. ಅದರ ನಾಲ್ಕನೆಯ ಸಾಲು, ಕೆಳಗೆ ಎರಡು ಗೆರೆ ಎಳೆದದ್ದು, ಹೀಗಿತ್ತು: ಸ್ವಂತ ಅಡುಗೆಗೆ ಈ ಓವನ್ ಯಾರೂ ಮುಟ್ಟಕೂಡದು. ಆ ಸಾಲು ಬರೆಸಿಕೊಂಡದ್ದೇ ಮಾರ್ಲಿಸ್. ಮಗಳ ಮದುವೆಯ ಕೇಕಿಗೆ ಒಂದು ದಿನ ಓವನ್ ಕೊಡಿ ಎಂದು ಕೇಳಿದ್ದಳು. ಸಿಗ್ನೆ ಇಲ್ಲ ಎಂದಿದ್ದಳು, ಮರುದಿನವೇ ಹಾಳೆ ಗೋಡೆ ಹತ್ತಿತ್ತು.

"ಬಾಯ್ಲರ್ ಬೀಗದ ಕೈ ನಿನ್ನ ಹತ್ರ ಇದೆ ಅಲ್ವಾ?" ಎಂದು ಅವಳು ಗಂಡನನ್ನು ಕೇಳಿದಳು. ಚಳಿಗಾಲದಲ್ಲಿ ಚರ್ಚನ್ನು ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುವ ಕೆಲಸ ಆರ್ವಿಡ್‌ನದು.

"ಇದೆ."

"ನೆಲಮಾಳಿಗೆ ಬಾಗಿಲಿಗೂ ಅದೇ ಕೈಯಲ್ವಾ?"

ಆರ್ವಿಡ್ ಪೇಪರ್ ಮಡಿಸಿ ಹೆಂಡತಿಯ ಮುಖ ನೋಡಿದ. "ಅಕ್ಕನ್ನ ಒಂದು ಮಾತು ಕೇಳಿದ್ರೆ ಆಗತ್ತಪ್ಪ. ಕೊಟ್ರೂ ಕೊಟ್ಟಾಳು."

"ಕೊಡ್ತಾಳೆ. ಕೊಟ್ಟು, ಸಾಯೋವರೆಗೂ ಹೇಳ್ತಾಳೆ. ನೀನು ಗುಬ್ಬಿ ಅಂದಿದ್ದಕ್ಕೆ ಬಡ್ಡಿ ಸಮೇತ ವಸೂಲು ಮಾಡ್ತಾಳೆ."

ಆರ್ವಿಡ್ ಪೇಪರನ್ನು ಪಕ್ಕಕ್ಕಿಟ್ಟು, "ಎಷ್ಟೊತ್ತಿಗೆ ಹೋಗ್ಬೇಕು?" ಎಂದ.

ಬುಧವಾರ ಇಡೀ ದಿನ ಕೋಳಿಯ ಸೇವೆ ನಡೆಯಿತು. ಚರ್ಮದಲ್ಲಿ ಉಳಿದಿದ್ದ ಗರಿಯ ಮೊಳೆಗಳನ್ನು ಆರ್ವಿಡ್ ಇಕ್ಕಳದಿಂದ ಒಂದೊಂದಾಗಿ ಕಿತ್ತ. ಮಾರ್ಲಿಸ್ ಹೊರಗೂ ಒಳಗೂ ಉಪ್ಪು ತಿಕ್ಕಿ, ಚರ್ಮದಡಿಗೆ ಕೈ ತೂರಿಸಿ ಬೆಣ್ಣೆ ಹಚ್ಚಿದಳು. ಎದೆಯ ಭಾಗ ಮುಗಿಯುವಷ್ಟರಲ್ಲಿ ಮೊಣಕೈವರೆಗೆ ಬೆಣ್ಣೆಯಾಗಿತ್ತು. ಕೋಳಿಯ ಹೊಟ್ಟೆಗೆ ತುಂಬುವ ಹೂರಣಕ್ಕೆ ಮೂರು ದೊಡ್ಡ ಬ್ರೆಡ್ಡು ಒಣಗಿಸಿ ಮುರಿದಳು, ಈರುಳ್ಳಿ, ಸೆಲರಿ, ಸೇಬು ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿದಳು, ಬೇಸಿಗೆಯಲ್ಲಿ ತಲೆಕೆಳಗೆ ಕಟ್ಟಿ ಒಣಗಿಸಿದ್ದ ಸೇಜ್ ಎಲೆಯನ್ನು ಅಂಗೈಯಲ್ಲಿ ಪುಡಿ ಮಾಡಿ ಉದುರಿಸಿದಳು. ಅದೆಲ್ಲವನ್ನೂ ಡಬ್ಬಿಯಲ್ಲಿ ಮುಚ್ಚಿ ತಣ್ಣಗಿಟ್ಟಳು. ತುಂಬಿ ಹೊಲಿಯುವುದು ಹೊರಡುವ ಗಳಿಗೆಗೆ. ಕೋಳಿಯನ್ನು ಬಟ್ಟೆ ತೊಳೆಯುವ ದೊಡ್ಡ ಬಾನಿಯಲ್ಲಿಟ್ಟು ಗ್ಯಾರೇಜಿಗೆ ಸಾಗಿಸಿದರು. ಅಲ್ಲಿನ ಚಳಿಗೆ ಫ್ರಿಜ್ಜಿನ ಹಂಗಿರಲಿಲ್ಲ.

ಗುರುವಾರ ಬೆಳಗಿನ ಜಾವ ಎದ್ದು ಹೂರಣ ತುಂಬಿ, ಹಾಸಿಗೆ ಹೊಲಿಯುವ ದಬ್ಬಣದಿಂದ ಬಾಯಿ ಹೊಲಿದು, ಕಾಲು ಕಟ್ಟಿದರು. ಐದು ಗಂಟೆಗೆ ಹಿತ್ತಿಲಿಂದ ಹೊರಬಿದ್ದರು. ಕಾರು ತೆಗೆಯುವ ಹಾಗಿರಲಿಲ್ಲ. ಚರ್ಚಿನ ಪಕ್ಕದ ಮನೆಯೇ ಸಿಗ್ನೆಯದು, ಬೀದಿಯಲ್ಲಿ ಯಾರ ಕಾರು ಕೆಮ್ಮಿದರೂ ಅವಳಿಗೆ ಗುರುತು ಸಿಗುತ್ತಿತ್ತು. ಅದಕ್ಕೆ ಮೊಮ್ಮಕ್ಕಳು ಹಿಮದ ಮೇಲೆ ಆಡುವ ಮರದ ಜಾರುಗಾಡಿಯ ಮೇಲೆ ಕೋಳಿಯನ್ನು ಮಲಗಿಸಿ, ಮೇಲೊಂದು ಕೌದಿ ಹೊದಿಸಿ, ಹಿಂದಿನ ಓಣಿಯಲ್ಲಿ ಹೊರಟರು. ಆರ್ವಿಡ್ ಮುಂದಿನಿಂದ ಹಗ್ಗ ಎಳೆದ, ಮಾರ್ಲಿಸ್ ಹಿಂದಿನಿಂದ ತಳ್ಳಿದಳು. ಹೊಸ ಹಿಮ ಬಿದ್ದಿತ್ತು. ಗಾಡಿ ಸದ್ದಿಲ್ಲದೆ ಜಾರುತ್ತಿತ್ತು, ಸದ್ದೆಲ್ಲ ಆರ್ವಿಡ್‌ನ ಉಸಿರಿನದು.

ಓಣಿ ತಿರುಗುವಲ್ಲಿ ಮುಖಕ್ಕೆ ಬೆಳಕು ಹೊಡೆಯಿತು. ಹಿಮ ತಳ್ಳುವ ಗಾಡಿ. ಅದರ ಕಿಟಕಿಯಿಂದ ಲೆರಾಯ್ ತಲೆ ಹೊರಗೆ ಹಾಕಿದ. ಊರಿನ ರಸ್ತೆಗಳನ್ನೆಲ್ಲ ಗುಡಿಸುವುದು ಅವನೇ, ಊರಿನ ಸುದ್ದಿಗಳನ್ನೂ ಅವನೇ.

"ಇಷ್ಟು ಬೆಳಿಗ್ಗೆ ಎಲ್ಲಿಗೆ ಸವಾರಿ?"

"ಬಾಯ್ಲರ್ ನೋಡೋಕೆ," ಎಂದ ಆರ್ವಿಡ್.

"ಗಾಡಿ ಮೇಲೇನು?"

ಆರ್ವಿಡ್ ಹೆಂಡತಿಯ ಕಡೆ ನೋಡಿದ. ಮಾರ್ಲಿಸ್ ಕೌದಿಯ ಮೇಲೆ ಮೆತ್ತಗೆ ಕೈಯಿಟ್ಟು, "ಮೊಮ್ಮಗ. ನಿದ್ದೆ ಹೋಗಿದ್ದಾನೆ, ಮೆಲ್ಲಗೆ ಮಾತಾಡು" ಎಂದಳು.

ಲೆರಾಯ್ ಕತ್ತು ಚಾಚಿ ಕೌದಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. ತಲೆ ಎಲ್ಲೂ ಕಾಣಿಸಲಿಲ್ಲ. "ಗಟ್ಟಿಮುಟ್ಟಾಗಿದ್ದಾನೆ," ಎಂದು ದನಿ ತಗ್ಗಿಸಿ ಹೇಳಿ, ಗಾಡಿಯನ್ನು ಆದಷ್ಟು ಸದ್ದಾಗದಂತೆ ಹಿಂದಕ್ಕೆ ತೆಗೆದುಕೊಂಡು ಹೋದ.

ಐದೂವರೆಗೆ ಕೋಳಿ ಚರ್ಚಿನ ದೊಡ್ಡ ತಟ್ಟೆಯಲ್ಲಿ, ಚರ್ಚಿನ ಓವನ್ನಿನಲ್ಲಿ, ಕಾಲು ಮಡಚಿಕೊಂಡು ಆರಾಮಾಗಿ ಕೂತಿತ್ತು. ಸುತ್ತ ಇನ್ನೂ ಜಾಗ ಉಳಿದಿತ್ತು. ಮಾರ್ಲಿಸ್ ಬಾಗಿಲು ಮುಚ್ಚಿ, ಗೋಡೆಯ ಹಾಳೆಯ ಕಡೆ ಬೆನ್ನು ಹಾಕಿ, "ಹಬ್ಬದ ಆರಾಧನೆ ಹನ್ನೊಂದಕ್ಕೆ ಮುಗಿಯತ್ತೆ. ಜನ ಹೋಗ್ಲಿ. ಒಂದು ಗಂಟೆಗೆ ಎತ್ಕೊಂಡು ಹೋದ್ರೆ ಎರಡಕ್ಕೆ ಊಟ. ಯಾರಿಗೂ ಗೊತ್ತಾಗಲ್ಲ" ಎಂದಳು.

ಅವಳು ಲೆಕ್ಕ ಹಾಕದೆ ಬಿಟ್ಟದ್ದು ಒಂದೇ: ವಾಸನೆ.

ಹತ್ತು ಗಂಟೆಗೆ ಆರಾಧನೆ ಶುರುವಾದಾಗ ಅದು ಇನ್ನೂ ನೆಲಮಾಳಿಗೆಯಲ್ಲೇ ಇತ್ತು. ಮೊದಲ ಗೀತೆ ಮುಗಿದು ಎಲ್ಲರೂ ಕೂತಾಗ, ಬೆಂಚುಗಳ ಕೆಳಗಿನ ಬಿಸಿಗಾಳಿಯ ಕಿಂಡಿಗಳಿಂದ ಬೆಣ್ಣೆಯ ವಾಸನೆ ಎಳೆಯಾಗಿ ಮೇಲೆದ್ದಿತು. ಹಿಂದೆಯೇ ಈರುಳ್ಳಿ. ಆಮೇಲೆ ಸೇಜ್. ಕಾಲು ಗಂಟೆಯೊಳಗೆ ಇಡೀ ಚರ್ಚು ಒಳ್ಳೆಯ ಮನೆಯ ಅಡುಗೆಕೋಣೆಯ ಹಾಗೆ ಘಮಘಮಿಸತೊಡಗಿತು. ಮುದುಕರು ಕಣ್ಣು ಮುಚ್ಚಿ ಮೂಗು ಅರಳಿಸಿದರು. ದೂರದಿಂದ ನೋಡಿದವರಿಗೆ ಭಕ್ತಿಯೆಂದೇ ಅನ್ನಿಸಬೇಕು.

ಪಾಸ್ಟರ್ ಡುವೇನ್ ಊರಿಗೆ ಹೊಸಬ, ಹರೆಯದವನು, ಒಂಟಿ. ಬೆಳಿಗ್ಗೆ ಒಂದು ತುಂಡು ಬ್ರೆಡ್ಡು ತಿಂದು ಬಂದಿದ್ದ. ಕೃತಜ್ಞತೆಯ ಬಗ್ಗೆ ಏಳು ಹಾಳೆ ಉಪದೇಶ ಬರೆದು ತಂದಿದ್ದವನು ಮೂರನೆಯ ಹಾಳೆಯಲ್ಲಿ, "ದೇವರು ನಮ್ಮ ಮುಂದೆ ಇಟ್ಟಿರೋದನ್ನ..." ಎಂದು ನಿಲ್ಲಿಸಿದ. ಆ ಮೌನದಲ್ಲಿ ಅವನ ಹೊಟ್ಟೆ ಗುರ್ರೆಂದದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು. ಅವನು ಹಾಳೆಗಳನ್ನು ತಿರುವಿ ಸೀದಾ ಏಳನೆಯದಕ್ಕೆ ಬಂದ.

ಮಾರ್ಲಿಸ್ ಬೆವರುತ್ತಿದ್ದಳು. ಮೇಲಿಂದ ಮೇಲೆ ಕೋಳಿಗೆ ರಸ ಸುರಿಯಬೇಕು, ಇಲ್ಲವಾದರೆ ಎದೆ ಒಣಗುತ್ತದೆ. ಎರಡನೆಯ ಗೀತೆಗೆ ಕರವಸ್ತ್ರ ಬಾಯಿಗೆ ಒತ್ತಿ ಕೆಮ್ಮುತ್ತ ಎದ್ದು ಕೆಳಗೆ ಓಡಿದಳು. ಪ್ರಾರ್ಥನೆಗೆ ಮತ್ತೊಮ್ಮೆ ಕೆಮ್ಮು ಬಂತು. ಎರಡನೆಯ ಸಲ ಮೇಲೆ ಬಂದಾಗ ಅವಳ ತೋಳಿಗೆ ಕೊಬ್ಬು ಸಿಡಿದಿತ್ತು, ಕೆನ್ನೆ ಕೆಂಪಾಗಿತ್ತು.

"ಅಕ್ಕ ತಿರುಗಿ ನೋಡಿದ್ಲು," ಎಂದು ಆರ್ವಿಡ್ ತುಟಿ ಅಲುಗಿಸದೆ ಹೇಳಿದ.

"ಎಷ್ಟು ಸಲ?"

"ಒಂದೇ ಸಲ. ತುಂಬ ಹೊತ್ತು."

ಮೊದಲ ಬೆಂಚಿನಲ್ಲಿ ಸಿಗ್ನೆಯ ನೀಲಿ ಟೋಪಿ ಅಲುಗದೆ ಕೂತಿತ್ತು. ಕೊನೆಯ ಗೀತೆ ಶುರುವಾಗುತ್ತಿದ್ದಂತೆ ಆ ಟೋಪಿ ಮೇಲೆದ್ದಿತು. ಊರುಗೋಲು ಟಕ್ ಟಕ್ ಎನ್ನುತ್ತ ಬೆಂಚುಗಳ ನಡುವಿನಿಂದ ಹಾದು, ಮಾರ್ಲಿಸ್‌ಳ ಪಕ್ಕದಲ್ಲೇ ಹಾದು, ನೆಲಮಾಳಿಗೆಯ ಮೆಟ್ಟಿಲು ಇಳಿಯಿತು. ಮಾರ್ಲಿಸ್ ಹಾಡುತ್ತಲೇ ಇದ್ದಳು. ಯಾವ ಸಾಲು ಹಾಡಿದಳೋ ದೇವರಿಗೇ ಗೊತ್ತು.

ಸಿಗ್ನೆ ಮೇಲೆ ಬಂದಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಮಾರ್ಲಿಸ್‌ಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸಿಗ್ನೆ ನೇರ ಪಾಸ್ಟರ್ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಪಾಸ್ಟರ್‌ನ ಮುಖ ದೀಪ ಹಚ್ಚಿದಂತೆ ಬೆಳಗಿತು.

"ಹೊರಡೋದಕ್ಕೆ ಮುಂಚೆ ಒಂದು ಮಾತು," ಎಂದ ಅವನು. "ನಮ್ಮ ಕೆಳಗಿನ ಅಡುಗೆಮನೆಯಲ್ಲಿ ಯಾರೋ ಪುಣ್ಯಾತ್ಮರು, ಹೆಸರು ಕೂಡ ಹೇಳದೆ, ಒಂದು ಭಾರಿ ಟರ್ಕಿ ಬೇಯೋಕೆ ಇಟ್ಟು ಹೋಗಿದ್ದಾರೆ. ಇವತ್ತು ಮನೆಯಲ್ಲಿ ಒಬ್ಬರೇ ಊಟ ಮಾಡಬೇಕಾದವರು ನಮ್ಮೂರಲ್ಲಿ ಬಹಳ ಜನ ಇದ್ದೀರಿ. ನಾನೂ ಒಬ್ಬ. ಒಂದು ಗಂಟೆಗೆ ಎಲ್ಲರೂ ಕೆಳಗೆ ಬನ್ನಿ. ಮೇಲ್ವಿಚಾರಣೆ ಸಿಗ್ನೆಯವರದು."

ಸಭೆ ಚಪ್ಪಾಳೆ ತಟ್ಟಿತು. ಆ ಚರ್ಚಿನಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲಿರಬೇಕು. ಆರ್ವಿಡ್ ಕೂಡ ತಟ್ಟಿದ. ಹೆಂಡತಿಯ ಮೊಣಕೈ ಪಕ್ಕೆಗೆ ತಗುಲಿದ ಮೇಲೆ ನಿಲ್ಲಿಸಿದ.

"ಹೋಗಿ ಹೇಳ್ಲಾ, ನಮ್ದು ಅಂತ?" ಎಂದು ಅವನು ಪಿಸುಗುಟ್ಟಿದ.

"ಹೇಳು. ಕಳ್ಳತನದಲ್ಲಿ ಬೀಗ ತೆಗೆದು ಒಳಗಿಟ್ವಿ, ಈಗ ಒಂಟಿ ಮುದುಕರ ಬಾಯಿಂದ ಕಿತ್ಕೊಂಡು ಹೋಗೋಕೆ ಬಂದಿದ್ದೀವಿ ಅಂತ ಹೇಳು."

ಆರ್ವಿಡ್ ಹೇಳಲಿಲ್ಲ. ಮನೆಗೆ ಹೋಗಿ ಫಾರ್ಗೋ ಪಟ್ಟಣದಿಂದ ಬಂದಿಳಿದ ಮಗಳು, ಅಳಿಯ, ಮಕ್ಕಳನ್ನೆಲ್ಲ ಕುಂಬಳಕಾಯಿಯ ಸಿಹಿ ಪೈಗಳ ಸಮೇತ ಚರ್ಚಿಗೆ ಕರೆತರುವ ಕೆಲಸ ಅವನ ಪಾಲಿಗೆ ಬಂತು. ಮಾರ್ಲಿಸ್ ಕೆಳಗಿಳಿದಳು.

ಸಿಗ್ನೆ ಏಪ್ರನ್ ಕಟ್ಟಿ ಓವನ್ನಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಉದ್ದ ಹಿಡಿಯ ಸೌಟಿನಿಂದ ಕೋಳಿಯ ಮೇಲೆ ರಸ ಸುರಿಯುತ್ತಿದ್ದಳು, ಅದು ತನ್ನ ಕೈಯಿಂದಲೇ ಬೆಳೆದ ಹಕ್ಕಿ ಎನ್ನುವ ಹಾಗೆ.

"ಬಾ ಬಾ. ಆಲೂಗಡ್ಡೆ ಸುಲಿ, ಮೂವತ್ತು ಜನರಿಗೆ ಆಗ್ಬೇಕು," ಎಂದಳು. "ನಿನ್ನ ಕೆಮ್ಮು ಹೇಗಿದೆ?"

"ಕಮ್ಮಿಯಾಗಿದೆ ಅತ್ತಿಗೆ."

"ಒಳ್ಳೇದಾಯ್ತು." ಸಿಗ್ನೆ ಸೌಟಿನ ರಸವನ್ನು ಬೆರಳಿಗೆ ತಾಗಿಸಿ ನೆಕ್ಕಿದಳು. "ಯಾರು ಇಟ್ಟು ಹೋದ್ರೋ ಪಾಪ. ಮನಸ್ಸು ದೊಡ್ಡದು, ಉಪ್ಪು ಮಾತ್ರ ಕಮ್ಮಿ."

"ಕಮ್ಮಿ ಏನಿಲ್ಲ," ಎಂದಳು ಮಾರ್ಲಿಸ್.

"ನಿಂಗ್ಹೇಗೆ ಗೊತ್ತು?"

ಮಾರ್ಲಿಸ್‌ಳ ಚಾಕು ಆಲೂಗಡ್ಡೆಯ ಮೇಲೆ ನಿಂತಿತು. "ಬಣ್ಣ ನೋಡಿದ್ರೆ ಗೊತ್ತಾಗತ್ತೆ."

"ಓಹೋ," ಎಂದಳು ಸಿಗ್ನೆ. "ನಾನು ಐವತ್ತು ವರ್ಷ ಅಡುಗೆ ಮಾಡಿದೀನಿ, ಬಣ್ಣ ನೋಡಿ ಉಪ್ಪು ಹೇಳೋಕೆ ಬರಲಿಲ್ಲ ನೋಡು. ಈ ಹೊಲಿಗೆ ನೋಡಿದ್ಯಾ, ಹಾಸಿಗೆ ಹೊಲಿದ ಹಾಗಿದೆ. ಯಾರೋ ಒರಟು ಕೈಯವರು."

ಮಾರ್ಲಿಸ್ ತುಟಿ ಕಚ್ಚಿಕೊಂಡು ಹನ್ನೆರಡು ಪೌಂಡು ಆಲೂಗಡ್ಡೆ ಸುಲಿದಳು. ಒಂದೊಂದರ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು.

ಒಂದು ಗಂಟೆಗೆ ಜನ ಬಂದರು. ಒಂಟಿ ಬಾಳಿನ ಕೃಷಿಕರು, ಹೋದ ವಸಂತದಲ್ಲಿ ಹೆಂಡತಿಯನ್ನು ಕಳೆದುಕೊಂಡ ಅಂಚೆ ಕಚೇರಿಯ ಟೊರ್ವಾಲ್ಡ್, ಮಕ್ಕಳೆಲ್ಲ ದೂರವಿದ್ದ ಇಬ್ಬರು ನಿವೃತ್ತ ಟೀಚರುಗಳು, ಗಾಡಿ ನಿಲ್ಲಿಸಿ ಬಂದ ಲೆರಾಯ್. ಯಾರೂ ಬರಿಗೈಯಲ್ಲಿ ಬಂದಿರಲಿಲ್ಲ. ಡಬ್ಬಿಯ ಬೀನ್ಸ್, ಹೆರೆದ ಕ್ಯಾರೆಟ್ ಹುದುಗಿದ ಹಸಿರು ಜೆಲ್ಲಿ, ಒಂದು ಕಟ್ಟು ಆಲೂಗಡ್ಡೆ ರೊಟ್ಟಿ ಲೆಫ್ಸೆ. ಉದ್ದ ಮೇಜುಗಳಿಗೆ ಬಿಳಿ ಕಾಗದ ಹಾಸಿತ್ತು. ಆರ್ವಿಡ್ ಮತ್ತು ಪಾಸ್ಟರ್ ಎರಡು ಕಡೆ ಹಿಡಿದು ಕೋಳಿಯನ್ನು ತಂದಿಟ್ಟಾಗ ಮಾತೆಲ್ಲ ನಿಂತಿತು. ಹೊಂಬಣ್ಣಕ್ಕೆ ತಿರುಗಿದ ಅದರ ಎದೆ ಪಾಸ್ಟರ್‌ನ ಎದೆಗಿಂತ ಅಗಲವಾಗಿತ್ತು. ಮೊಮ್ಮಕ್ಕಳಲ್ಲಿ ಚಿಕ್ಕವಳು ತಾಯಿಯ ಹಿಂದೆ ಅಡಗಿಕೊಂಡಳು.

ಮಾಂಸ ಕೊಯ್ದವಳು ಸಿಗ್ನೆ. ಒಣಗಿರಲಿಲ್ಲ, ಚಾಕು ಇಳಿದಲ್ಲೆಲ್ಲ ರಸ ಒಸರಿತು. ಹೊಲಿಗೆ ಬಿಚ್ಚಿ ಹೂರಣ ತೋಡಿದಾಗ ಎದ್ದ ಹಬೆಗೆ ಟೊರ್ವಾಲ್ಡ್‌ನ ಕನ್ನಡಕ ಮಂಜಾಯಿತು. ಅವನು ಒಂದು ಚಮಚ ಬಾಯಿಗಿಟ್ಟು, ಕೂಡಲೇ ಇನ್ನೊಂದು ಚಮಚ ತಿಂದ. ಆಮೇಲೆ ಕನ್ನಡಕ ಒರೆಸುತ್ತ, "ಸಿಗ್ನೆ, ಮಾರ್ಚ್‌ನಿಂದ ಈಚೆಗೆ ನಂಗೆ ಊಟ ರುಚಿಸಿದ್ದು ಇವತ್ತೇ. ಇಂಥ ಹೂರಣ ನಿಮ್ಮ ಕೈಯಿಂದ ಮಾತ್ರ ಸಾಧ್ಯ" ಎಂದ.

ಮಾರ್ಲಿಸ್ ಎದುರು ಮೇಜಿನಿಂದ ಸಿಗ್ನೆಯನ್ನೇ ನೋಡಿದಳು. ಈಗ ಹೇಳುತ್ತಾಳೆ, ನಾನು ಮಾಡಿದ್ದಲ್ಲ ಎಂದು ಹೇಳಲೇಬೇಕು.

ಸಿಗ್ನೆ ಕಣ್ಣು ತಗ್ಗಿಸಿ, ಏಪ್ರನ್ನಿನ ಅಂಚು ನೇವರಿಸುತ್ತ, "ಏನೋಪ್ಪ, ಕೈಲಾದಷ್ಟು" ಎಂದಳು.

"ಸೇಜ್ ಎಷ್ಟು ಹದವಾಗಿದೆ," ಎಂದರು ಟೀಚರುಗಳಲ್ಲಿ ಒಬ್ಬರು.

"ಅದೊಂದು ಅಭ್ಯಾಸ ಅಷ್ಟೆ," ಎಂದಳು ಸಿಗ್ನೆ.

"ನಿನ್ನ ಹೋದ ವರ್ಷದ ಕೋಳಿಗಿಂತ ನೂರು ಪಾಲು ವಾಸಿ," ಎಂದ ಆರ್ವಿಡ್, ತಾನು ಏನು ಹೇಳುತ್ತಿದ್ದೇನೆಂಬ ಪರಿವೆ ಇಲ್ಲದೆ. ಬಾಯ್ತುಂಬ ಊಟವಿತ್ತು.

"ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕಲೀತೀವಲ್ಲ ತಮ್ಮಾ," ಎಂದಳು ಸಿಗ್ನೆ.

ಇಷ್ಟು ಹೊತ್ತು ಏನೇನನ್ನೋ ನುಂಗಿಕೊಂಡಿದ್ದ ಮಾರ್ಲಿಸ್‌ಗೆ ಅದೊಂದನ್ನು ನುಂಗಲಾಗಲಿಲ್ಲ. ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಆ ಕೋಳಿ ನಂದು," ಎಂದಳು. "ಹೂರಣ ನಂದು. ಸೇಜ್ ನಮ್ಮ ಹಿತ್ತಲದ್ದು. ಉಪ್ಪು ಕಮ್ಮಿಯೂ ಇಲ್ಲ. ನಮ್ಮನೆ ಓವನ್ನಿಗೆ ಹಿಡಿಸಲಿಲ್ಲ, ಅದಕ್ಕೆ ಬಾಯ್ಲರ್ ಬೀಗದ ಕೈಯಿಂದ ಬಾಗಿಲು ತೆಗೆದು ತಂದಿಟ್ವಿ. ಬೇಕಾದ್ರೆ ಪೊಲೀಸಿಗೆ ಹೇಳಿ."

ಮೂವತ್ತೈದು ಜನ ಅವಳನ್ನೇ ನೋಡಿದರು. ಸಿಗ್ನೆ ಮಾತ್ರ ತನ್ನ ತಟ್ಟೆ ನೋಡುತ್ತಿದ್ದಳು.

"ಗೊತ್ತು," ಎಂದಳು. "ಯಾವಾಗ ಬಾಯಿ ಬಿಡ್ತೀಯ ಅಂತ ಕಾಯ್ತಾ ಇದ್ದೆ. ಇಷ್ಟು ಹೊತ್ತು ತಡೀತೀಯ ಅಂತ ಅಂದ್ಕೊಂಡಿರಲಿಲ್ಲ. ಕೂತ್ಕೊ, ಗ್ರೇವಿ ಆರಿಹೋಗತ್ತೆ."

ಮೊದಲು ನಕ್ಕವನು ಟೊರ್ವಾಲ್ಡ್. ಅವನ ನಗು ಉಳಿದವರಿಗೆಲ್ಲ ಅಪ್ಪಣೆ ಕೊಟ್ಟಂತಾಯಿತು. ಆ ಗದ್ದಲದಲ್ಲಿ ಲೆರಾಯ್ ಮಾತ್ರ ಚಮಚ ಹಿಡಿದು ಯೋಚಿಸುತ್ತಿದ್ದ.

"ಹಾಗಾದ್ರೆ ಬೆಳಿಗ್ಗೆ ಆ ಗಾಡಿ ಮೇಲೆ ಮಲಗಿದ್ದ ಮೊಮ್ಮಗ?"

"ಅವನ ತೊಡೆನೇ ನೀನು ತಿಂತಾ ಇರೋದು," ಎಂದ ಆರ್ವಿಡ್.

ಲೆರಾಯ್ ತಟ್ಟೆ ನೋಡಿದ, ಮತ್ತೊಂದು ತುತ್ತು ತಿಂದ. "ಗಟ್ಟಿಮುಟ್ಟು ಅಂತ ಆಗಲೇ ಹೇಳಿದ್ನಲ್ಲ."

ಊಟ ಮುಗಿದು ಜನ ಕಾಫಿಗೆ ಕೂತಾಗ ಸಿಗ್ನೆ ಮತ್ತು ಮಾರ್ಲಿಸ್ ಪಾತ್ರೆಗಳ ಮುಂದೆ ನಿಂತರು. ಒಬ್ಬಳು ತೊಳೆದಳು, ಇನ್ನೊಬ್ಬಳು ಒರೆಸಿದಳು. ಎಂಟು ತಟ್ಟೆ ಮುಗಿದವು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೊನೆಗೆ ಮಾರ್ಲಿಸ್ ಕೇಳಿದಳು.

"ಮೊಣಕಾಲು ನೋವಿಗೆ ನಿದ್ದೆ ಎಲ್ಲಿ ಬರತ್ತೆ? ಮೇಲಿನ ಹೊಲಿಗೆ ಕೋಣೆಯಲ್ಲಿ ಕಾಫಿ ಕುಡೀತಾ ಕೂತಿದ್ದೆ. ಅಲ್ಲಿಂದ ಹಿಂದಿನ ಓಣಿ ಕಾಣತ್ತೆ. ನೋಡ್ತೀನಿ, ನನ್ನ ತಮ್ಮ ಕೌದಿ ಹೊದಿಸಿದ ಹೆಣ ಎಳ್ಕೊಂಡು ಹೋಗ್ತಾ ಇದ್ದಾನೆ. ಮೊದಲು ನೀನೇ ಸತ್ತೆ ಅಂದ್ಕೊಂಡೆ."

"ಅತ್ತಿಗೆ."

"ಆಮೇಲೆ ನೀನು ಹಿಂದಿನಿಂದ ತಳ್ತಾ ಇರೋದು ಕಾಣಿಸ್ತು. ಸಮಾಧಾನ ಆಯ್ತು. ಕಾಫಿ ಮುಗಿಸಿದೆ."

ಮಾರ್ಲಿಸ್‌ಗೆ ನಗು ತಡೆಯಲಾಗಲಿಲ್ಲ; ತಟ್ಟೆ ಕೈಜಾರಿ ನೊರೆಯೊಳಗೆ ಬಿತ್ತು. ಸಿಗ್ನೆಯೂ ನಗುತ್ತಿದ್ದಳು, ಸದ್ದಿಲ್ಲದೆ, ಭುಜ ಮಾತ್ರ ಕುಲುಕುತ್ತಿತ್ತು. ಅವಳು ಹಾಗೆ ನಗುವುದನ್ನು ಮಾರ್ಲಿಸ್ ನಲವತ್ತು ವರ್ಷದಲ್ಲಿ ಎರಡು ಮೂರು ಸಲ ನೋಡಿದ್ದಳೇನೋ.

"ಆಗಲೇ ಬಂದು ಹಿಡೀಬಹುದಿತ್ತಲ್ಲ?"

"ಹಿಡಿದು ಏನು ಮಾಡ್ಲಿ? ವಾಪಸ್ ತಗೊಂಡ್ಹೋಗಿ ಅನ್ಲಾ? ಮೂವತ್ತು ವರ್ಷ ನಾನು ಈ ಊಟ ಮಾಡಿದೀನಿ ಮಾರ್ಲಿಸ್. ಒಂದು ವರ್ಷವೂ ಬೇರೆಯವರ ಕೋಳಿ ಕೂತು ತಿಂದಿಲ್ಲ." ಅವಳು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಆಮೇಲೆ ಟೊರ್ವಾಲ್ಡ್ ಒಬ್ಬನೇ ಬೆಂಚಲ್ಲಿ ಕೂತಿದ್ನಲ್ಲ. ಮೂಗು ಮೇಲೆ ಮಾಡ್ಕೊಂಡು. ಪಾಪ ಅನ್ನಿಸ್ತು."

ತಟ್ಟೆಗಳು ಮುಗಿದು ಚಮಚಗಳ ಸರದಿ ಬಂತು. ಹೊರಗೆ ಪಾಸ್ಟರ್ ಮೂರನೆಯ ತುಂಡು ಪೈ ಬೇಡವೆಂದು ಹೇಳುತ್ತ ತಟ್ಟೆ ಚಾಚುತ್ತಿದ್ದುದು ಕಾಣುತ್ತಿತ್ತು. ಸಿಗ್ನೆ ತೊಳೆಯುವ ಬಾನಿಯ ಕಡೆ ನೋಡುತ್ತಲೇ, ಹವಾಮಾನ ವಿಚಾರಿಸುವವಳ ಹಾಗೆ ಕೇಳಿದಳು:

"ಆ ಹೂರಣಕ್ಕೆ ಯಾವ ಸೇಬು ಹಾಕಿದ್ದೆ?"

ಮಾರ್ಲಿಸ್ ಕೈ ನೀರಿನಲ್ಲೇ ನಿಂತಿತು. ಗ್ಯಾರೇಜಿನ ಹಿಂದಿನ ಮುದಿಮರದ, ಹಲ್ಲು ಜುಮ್ಮೆನ್ನಿಸುವ ಹುಳಿ ಸೇಬು ಅದು. ಬೆಣ್ಣೆಯಲ್ಲಿ ಬಾಡಿದರೆ ಆ ಹುಳಿಯೇ ಸೇಜ್‌ನ ಕಹಿಯನ್ನು ಎತ್ತಿ ಹಿಡಿಯುವುದು. ಎದುರಿಗಿದ್ದ ಮುದುಕಿಯ ಮುಖವನ್ನು ಅವಳು ಪ್ರೀತಿಯಿಂದಲೇ ನೋಡಿದಳು.

"ಅಂಗಡಿ ಸೇಬು ಅತ್ತಿಗೆ," ಎಂದಳು. "ಆ ಕೆಂಪಗೆ ದಪ್ಪಗೆ ಇರತ್ತಲ್ಲ, ಸಿಹಿ ಸೇಬು. ಎಷ್ಟು ಸಿಹಿಯಿದ್ರೆ ಅಷ್ಟು ಒಳ್ಳೇದು."

ಸಿಗ್ನೆ ಅದನ್ನು ಮನಸ್ಸಿನಲ್ಲಿ ಬರೆದುಕೊಳ್ಳುವವಳಂತೆ ನಿಧಾನವಾಗಿ ತಲೆಯಾಡಿಸಿದಳು.